ಖಾಲಿ ಬಸ್

ತಾವಡೆ ಮಾವ್ಶಿ ಮಗಳಿಗೆ ಹೇಳಿದರು: 'ಖಾಲಿ ಬಸ್.'
ಕಿಟಕಿಗೆ ಓಡಿ
ಗಲ್ಲಿಯ ಉದ್ದಕ್ಕೂ ಹುಡುಕಿದಳು.
ಬಸ್ಸೂ ಇಲ್ಲ, ಖಾಲಿಯಾದದ್ದೂ ಇಲ್ಲ,
ಮುಲುಂಡಿನ ಬೆಳಗಿನಲ್ಲಿ ಖಾಲಿ ಏನಿರುತ್ತದೆ?
ಅದು ಮರಾಠಿ ಕಣವ್ವ, ಕೆಳಗೆ ಕೂತ್ಕೋ ಅಂತ,
ಬಿಡಿಸಿ ಹೇಳಿದೆ. ಅಂದಿನಿಂದ
'ಡಬ್ಬಿ ಖಾಲಿ' ಎಂದರೆ ಸಾಕು,
ಡಬ್ಬಿ ಎತ್ತಿ ಬುಡ ನೋಡುತ್ತಾಳೆ.

ಶಾಲ್ಮಲಿಗೆ ಎರಡೂಮುಕ್ಕಾಲು ವರ್ಷ.
'ಒಳಗೆ' ಮೊದಲು ಬಂತು:
ಬಕೆಟ್ಟಿನೊಳಗೆ ಚಮಚ, ಚಪ್ಪಲಿಯೊಳಗೆ ಕಡಲೆ,
ನನ್ನ ಪಾನಾ ಚೀಲದೊಳಗೆ ಅವಳದೇ ಒಂದು ಕಾಲು.
ಆಮೇಲೆ 'ಮೇಲೆ', ಸ್ವಲ್ಪ ಸೊಟ್ಟಗೆ.
ಫ್ಯಾನೂ ಮೇಲೆ, ಹಲ್ಲಿಯೂ ಮೇಲೆ,
ಅನ್ನದ ಮೇಲೆ ತುಪ್ಪ.
'ಊಟ ಆದ ಮೇಲೆ ಬಾಳೆಹಣ್ಣು' ಅಂದಳು ಅವರಮ್ಮ.
ತಟ್ಟೆಯಿಂದ ತಲೆಯೆತ್ತಿ
ಕಾದಳು ಹುಡುಗಿ,
ಹಣ್ಣು ಎಲ್ಲಿಂದ ಇಳಿಯುತ್ತದೋ ಎಂದು.

ನನ್ನ ಕಸುಬೇ ಮೇಲೆ-ಕೆಳಗೆ. ಲಿಫ್ಟ್ ರಿಪೇರಿ.
ಮೂವತ್ತೆಂಟು ಮಾಳಿಗೆಯ ಬಾವಿಗಿಳಿದು,
ಕೈಗೆ ಮೆತ್ತಿದ ಗ್ರೀಸಿನ ಸಮೇತ
ಲಿಫ್ಟಿಲ್ಲದ ನಾಲ್ಕು ಮಹಡಿ ಹತ್ತಿ ಮನೆ ಸೇರುವವನು.
ಇಷ್ಟು ವರ್ಷ ಹೊಳೆದಿರಲಿಲ್ಲ
ಈ ಎರಡು ಮಾತನ್ನೂ
ಯಾರಾದರೂ ಕಲಿಯಬೇಕಾಗುತ್ತದೆ ಎಂದು.

ಎಡ ಬಲ ಇನ್ನೂ ಬಂದಿಲ್ಲ.
ಎದುರು ಕೂತು ನಾನು ಬಲಗೈ ಎತ್ತಿದರೆ
ಎಡಗೈ ಎತ್ತುತ್ತಾಳೆ, ಕನ್ನಡಿಯ ಹಾಗೆ.
ತಪ್ಪು ಯಾರದೆಂದು ಹೇಳಲಾರೆ.
ದಿಕ್ಕುಗಳು ಮಾತ್ರ ಪಕ್ಕಾ:
ರೈಲ್ವೆ ಸೇತುವೆಯ ಆಚೆ ವೆಸ್ಟು, ಅಲ್ಲಿ ಬಲೂನು.
ಈಚೆ ಈಸ್ಟು, ಇಲ್ಲಿ ಸೂಜಿ ಚುಚ್ಚುವ ಡಾಕ್ಟರು.
ಸೂರ್ಯನನ್ನು ಯಾರೂ ಕೇಳಿಲ್ಲ.

ನಿನ್ನೆ ಕರೆಂಟು ಕೈಕೊಟ್ಟು
ಹನ್ನೊಂದು-ಹನ್ನೆರಡರ ಮಧ್ಯೆ ಸಿಕ್ಕಿಬಿದ್ದೆ,
ಒಂದೂವರೆ ತಾಸು. ರಿಪೇರಿಯವನೇ.
ಫೋನಿನಲ್ಲಿ ಕೇಳಿದಳು: ಅಪ್ಪಾ, ಎಲ್ಲಿದ್ದಿ?
ಮೇಲಾ?
ಅಲ್ಲ.
ಕೆಳಗಾ?
ಅದೂ ಅಲ್ಲ.
ಅವಳ ಉಸಿರು ಕೇಳುತ್ತಿತ್ತು. ನಡುವೆ ಎಂಬ ಮಾತು
ಅವಳಿಗಿನ್ನೂ ಕೊಟ್ಟಿಲ್ಲ ನಾವು.
ಒಳಗಾ?
ಹೌದು ಕಂದಾ, ಒಳಗೆ.

ಸಮಾಧಾನವಾಯಿತು ಅವಳಿಗೆ.
ಒಳಗಿದ್ದದ್ದು, ಚಮಚವಾಗಲಿ ಕಡಲೆಯಾಗಲಿ,
ಬೋರಲು ಹಾಕಿದರೆ ಬಂದೇ ಬರುತ್ತದೆ,
ಅವಳು ಎಷ್ಟು ಸಲ ನೋಡಿಲ್ಲ.
'ಹಂಗಾದ್ರ ಖಾಲಿ ಬಸ್, ಅಪ್ಪಾ' ಅಂದಳು.

ಕೂತೆ.