ಒಂದನೆಯದೋ, ಎರಡನೆಯದೋ

ಇಸ್ತಾಂಬುಲಿನಿಂದ ಉತ್ತರ ಬಂದಿದೆ:
ಆಗುತ್ತದೆ, ಬನ್ನಿ.
ಎರಡೂ ಕಣ್ಣಿಗೆ ಸೇರಿ ಒಂದೇ ದರ, ಮೂರು ರಾತ್ರಿ ಹೋಟೆಲು,
ಬೆಳಗಿನ ತಿಂಡಿ, ವಿಮಾನ ನಿಲ್ದಾಣಕ್ಕೆ ಕಾರು,
ಸಮುದ್ರ ಕಾಣುವ ಕೋಣೆ.

ಕಾರವಾರದವನಿಗೆ ಸಮುದ್ರ ಕಾಣುವ ಕೋಣೆ!
ಅದೂ ಕಣ್ಣಿಗೆ ಮುಚ್ಚಳ ಕಟ್ಟಿಕೊಂಡು ಮಲಗುವ ರಾತ್ರಿಗೆ.

ಹುಬ್ಬಳ್ಳಿಯಲ್ಲಿ ಆಗುವುದಿಲ್ಲ ಅಂದಿದ್ದರು.
ಸಿದ್ದಾಪುರದ ಕಡೆಯ ಡಾಕ್ಟರು,
ಗದ್ದ ಯಂತ್ರದ ಮೇಲೆ ಇಡಿಸಿ ಎರಡು ಸಲ ಅಳೆದು
ಪೆನ್ನಿಗೆ ಟೊಪ್ಪಿ ಹಾಕಿ ಹೇಳಿದರು:
"ನಿಮ್ಮ ಕಾರ್ನಿಯಾ ತೆಳ್ಳೇವಿನ ಹಾಗಿದೆ ಮಾರಾಯ್ರೆ,
ಇನ್ನೂ ಕೆರೆದರೆ ಕಾವಲಿಯೇ ಕಾಣುತ್ತದೆ."

ಇವರು ಕಣ್ಣು ನೋಡಿ ಬೇಡ ಅಂದರು,
ಅವರು ಕಾಗದ ನೋಡಿ ಬನ್ನಿ ಅಂದರು.

ಯಾರಲ್ಲಿ ಕೇಳಲಿ?
ಗ್ರೀನ್ ಸ್ಟ್ರೀಟಿನಲ್ಲಿ ಕನ್ನಡಕ ಮಾರುವವನು ನಾನೇ.
ಬಾಗಿಲ ಮೇಲೆ ಅಪ್ಪ ತೂಗಿಸಿದ ಆಳಗಲದ ತಗಡಿನ ಕನ್ನಡಕ,
ಅದರ ಎಡಗಣ್ಣಲ್ಲಿ ಗುಬ್ಬಿ ಗೂಡು.
"ತನ್ನ ಹೋಟೆಲಲ್ಲಿ ತಾನುಣ್ಣದವನ ಹತ್ತಿರ
ಯಾರು ಉಣ್ಣುತ್ತಾರೆ?" ಎನ್ನುತ್ತಾಳೆ ವೈಜಯಂತಿ,
ನಗದೆ.

ಒಂಬತ್ತರ ವಯಸ್ಸಿಗೆ ಈ ಕುರ್ಚಿಯಲ್ಲೇ ಕೂರಿಸಿ
ಅಪ್ಪ ಗಾಜು ಬದಲಿಸುತ್ತ ಕೇಳಿದ್ದ:
ಒಂದನೆಯದೋ, ಎರಡನೆಯದೋ?
ಅವನಿಗೆ ಯಾವುದು ಇಷ್ಟವೆಂದು ಮುಖ ನೋಡಿ
ಅದನ್ನೇ ಹೇಳಹೋಗಿ ಬೈಸಿಕೊಂಡಿದ್ದೆ.

ಈಗ ಮೈನಸ್ ಆರು. ಅಂದರೆ
ಮುಕ್ಕಾಲು ಗೇಣಿನಾಚೆ ಲೋಕ ನೀರಲ್ಲಿ ನೆನೆದ ಕಾಗದ.
ಸುಳ್ಳೇಕೆ, ಅದೂ ಒಂದು ಚಂದ.
ರಾತ್ರಿ ಕಾಳಿ ಸೇತುವೆಯ ಮೇಲೆ ನಿಂತು ಕನ್ನಡಕ ತೆಗೆದರೆ
ದೋಣಿಯ ದೀಪ ಒಂದೊಂದೂ ಸೇವಂತಿಗೆಯಷ್ಟು ಅರಳುತ್ತದೆ.
ದುಡ್ಡು ಕೊಟ್ಟು ಅದನ್ನೂ ಕಳಕೊಳ್ಳಬೇಕೆ?

ಆದರೆ ಮಾಜಾಳಿ.
ಮೇ ತಿಂಗಳ ಭಾನುವಾರ, ಒಂದು ತೆರೆ ಬಂದು
ಬಾಕಿ ವಸೂಲಿಗೆ ಬಂದವರ ಹಾಗೆ
ಮುಖದ ಮೇಲಿಂದ ಕನ್ನಡಕ ಎತ್ತಿಕೊಂಡು ಹೋಯಿತು.
ನೀರಲ್ಲಿ ಎಂಟೋ ಒಂಬತ್ತೋ ಕಪ್ಪು ಚುಕ್ಕೆ, ಮಕ್ಕಳ ತಲೆ.
ಅದರಲ್ಲಿ ಪೂರ್ವಾ ಯಾವುದು?
ಕೂಗಿದೆ.
ಎಲ್ಲವೂ ತಿರುಗಿದವೋ, ಒಂದೂ ತಿರುಗಲಿಲ್ಲವೋ,
ಚುಕ್ಕೆಗೆ ಮುಂದೇನು, ಹಿಂದೇನು?
ಅವಳೇ ಬಂದು ಕೈ ಹಿಡಿದು
"ಇಲ್ಲೇ ಇದ್ದೆನಲ್ಲ ಪಪ್ಪಾ" ಅನ್ನುವವರೆಗೆ
ಎಷ್ಟು ಹೊತ್ತಾಯಿತೋ, ಅದನ್ನು ಅಳೆಯುವ ಯಂತ್ರ
ಹುಬ್ಬಳ್ಳಿಯಲ್ಲೂ ಇಲ್ಲ.

ಅದಾದ ಮೇಲೇ ಪಾಸ್‌ಪೋರ್ಟಿಗೆ ಹಾಕಿದ್ದು.
ವಿಚಾರಣೆಗೆ ಬಂದ ಪೊಲೀಸು ಅರ್ಜಿಯನ್ನು
ತೋಳಿನುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದ.
ಓದುವ ಕನ್ನಡಕ ಒಂದು ಮಾರಾಟವಾಯಿತು.
"ವಿದೇಶಕ್ಕೆ ಯಾಕೆ?"
"ಕಣ್ಣಿಗೆ."
ಅಂಗಡಿ ನೋಡಿದ, ನನ್ನನ್ನು ನೋಡಿದ,
ಹೊಸ ಗಾಜಿನಲ್ಲಿ ಚೆನ್ನಾಗಿ ಕಂಡೆನೋ ಏನೋ,
ಮತ್ತೇನೂ ಕೇಳಲಿಲ್ಲ.

ಬೈತಖೋಲದ ಮಂಗಲಾ ಹರಿಕಂತ್ರ ಕಾಲು ಮುರಿದ ಫ್ರೇಮು ತಂದಿದ್ದಳು,
ಗಾಜಿಗೆ ತಾರ್ಲೆಯ ಹುರುಪೆ ಅಂಟಿತ್ತು.
ನನ್ನ ಕಥೆಯೆಲ್ಲ ಕೇಳಿ
"ಅಲ್ಲಿ ಸುಟ್ಟವರು, ಇಲ್ಲಿ ಉರಿದರೆ ಬರುತ್ತಾರೋ?" ಅಂದಳು.
ಸೊಂಟದ ಚೀಲದಿಂದ ಬಲೆಯ ದಾರ ತೆಗೆದು
ನನ್ನ ಕನ್ನಡಕದ ಎರಡೂ ಕಾಲಿಗೆ ಗಂಟು ಹಾಕಿ
ಕೊರಳಿಗೆ ಇಳಿಬಿಟ್ಟಳು.
ರಿಪೇರಿಯ ಮೂವತ್ತರಲ್ಲಿ ಹತ್ತು ಮುರಿದುಕೊಂಡಳು.

ಇಸ್ತಾಂಬುಲಿನ ದರ ಮೂವತ್ತನೇ ತಾರೀಕಿನವರೆಗೆ ಮಾತ್ರ.
ನಿನ್ನೆ ಇಪ್ಪತ್ತಾರು.
ಶಟರು ಎಳೆದ ಮೇಲೆ ಪೂರ್ವಾ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ
ಅಜ್ಜನ ಪೆಟ್ಟಿಗೆಯಿಂದ ಗಾಜು ತೆಗೆದು ತೆಗೆದು ಇಟ್ಟಳು.
ಒಂದನೆಯದೋ, ಎರಡನೆಯದೋ?
ಅವಳಿಗೆ ಯಾವುದು ಇಷ್ಟವೆಂದು ಮುಖ ನೋಡಹೋದೆ,
ಕಾಣಲಿಲ್ಲ.
"ಇನ್ನೊಮ್ಮೆ ಹಾಕು" ಅಂದೆ.
"ಎಷ್ಟು ಸಲ ಪಪ್ಪಾ,
ನಿದ್ದೆ ಬರ್ತಿದೆ."