ಪೆದ್ದು ಪರದೆ

ಗ್ದೀನಿಯಾದ ದೊಡ್ಡ ಅಂಗಡಿ. ಶನಿವಾರ.
ಗೋಡೆ ತುಂಬ ಒಂದೇ ಗಿಳಿ
ಇಪ್ಪತ್ತೆಂಟು ಟಿವಿಗಳಲ್ಲಿ ಒಮ್ಮೆಗೇ ರೆಕ್ಕೆ ಬಿಚ್ಚುತ್ತಿತ್ತು.
ಅಪ್ಪ ಗಿಳಿಯತ್ತ ನೋಡಲಿಲ್ಲ. ಒಂದೊಂದರ ಬೆನ್ನ ಹಿಂದೆ ಬಗ್ಗಿ
ವೈರು ಚುಚ್ಚುವ ತೂತುಗಳ ಲೆಕ್ಕ ಹಾಕುತ್ತಿದ್ದ,
ಕುದುರೆ ಕೊಳ್ಳುವವ ಹಲ್ಲು ಎಣಿಸುವ ಹಾಗೆ.

ಕಾಯೆತಾನ್ ಎಂದು ಎದೆಗೆ ಚುಚ್ಚಿಕೊಂಡ ಹುಡುಗ ಬಂದ,
ನನ್ನ ಕಡೆ ತಿರುಗಿ ಮಾತಾಡಿದ.
ಎಲ್ಲರೂ ಹಾಗೇ, ನನಗೆ ಆರು ತುಂಬಿದಾಗಿನಿಂದ:
ಬ್ಯಾಂಕಿನವರು, ಹಲ್ಲಿನ ಡಾಕ್ಟರು, ಕಲ್ಲಿದ್ದಲು ತರುವವನು,
ಅಪ್ಪ ಅಮ್ಮನನ್ನು ದಾಟಿ ನನ್ನ ಬಾಯಿಯನ್ನೇ ನೋಡುವವರು.

"ಇದು ಬಲು ಜಾಣ. ರಿಮೋಟೇ ಬೇಡ.
ಹೆಸರು ಹಿಡಿದು ಕರೆದರೆ ಏಳುತ್ತದೆ,
ಬೇಕಾದ್ದು ಬಾಯಲ್ಲಿ ಹೇಳಿದರೆ ಸಾಕು."

ಅದನ್ನು ಕೈಮಾತಿಗೆ ತಿರುಗಿಸಿದೆ.
ಅಮ್ಮ ನಕ್ಕಳು.
ಅಮ್ಮನ ನಗು ದೊಡ್ಡದು, ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿಲ್ಲ.
ಫ್ರಿಜ್ಜುಗಳ ಸಾಲಿನವರೆಗೂ ಜನ ತಿರುಗಿದರು.
ಮೂಲೆಯ ಟಿವಿಯೊಂದು ಎಚ್ಚೆತ್ತು ಕೇಳಿತು:
"ಕ್ಷಮಿಸಿ, ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಿರಾ?"
ಅದನ್ನೂ ತಿರುಗಿಸಿದೆ.
ಅಮ್ಮ ಇನ್ನೊಮ್ಮೆ ಹೇಳಿದಳು, ಇನ್ನೂ ಜೋರಾಗಿ.

ಕೇಳಿಸಿಕೊಳ್ಳಲಿ ಬಿಡಿ, ಎಂದೆ. ನಮ್ಮಲ್ಲಿ ಅದಕ್ಕೆ ಸಿಗುವುದೇನು?
ಬಿದ್ದ ಚಮಚ, ದರದರ ಎಳೆದ ಕುರ್ಚಿ, ದಬಾರನೆ ಬಾಗಿಲು.
ಕಿವುಡರ ಮನೆಯಷ್ಟು ಗದ್ದಲ ಇನ್ನೆಲ್ಲೂ ಇಲ್ಲ,
ಆ ಗದ್ದಲದಲ್ಲಿ ಒಂದು ಗುಟ್ಟೂ ಇಲ್ಲ.

ಅಪ್ಪ ಪರದೆಯ ನೆತ್ತಿಗೆ ಬೆರಳಿಟ್ಟ.
ಅಲ್ಲೊಂದು ಸಾಸಿವೆಯಷ್ಟು ಗಾಜು.
ಇದೇನು?
"ಕ್ಯಾಮೆರಾ," ಎಂದ ಹುಡುಗ, "ನಿಮ್ಮಂಥವರಿಗೇ ಅನುಕೂಲ.
ಕೈಸನ್ನೆ ಓದಲು ಕಲಿಯುತ್ತಿದೆ."

ಅಪ್ಪನ ಕೈಗಳು ಮೆಲ್ಲಗೆ ಜೇಬಿಗೆ ಇಳಿದವು.
ನಮ್ಮಲ್ಲಿ ಅದು ಬಾಯಿಗೆ ಬೀಗ ಹಾಕಿದಂತೆ.

ಗೋಡೆಗೂ ಕಿವಿಯಿದ್ದ ಕಾಲದಲ್ಲಿ ಕಿವಿಗೆ ಹೆದರದ ಮನೆ ನಮ್ಮದು.
ಅತ್ತೆಯನ್ನು ಬೈದದ್ದು,
ಹಡಗುಕಟ್ಟೆಯ ಮುಷ್ಕರದ ಚೀಟಿಗಳು ಯಾವ ಹಿಟ್ಟಿನ ಡಬ್ಬದಲ್ಲಿ ಎಂದದ್ದು,
ನನಗೂ ಮುಂಚೆ ಒಂದು ಮಗು ಬಂದು ಹೋಯಿತೆಂದು
ಅಮ್ಮ ಅಡುಗೆಮನೆಯ ಬಲ್ಬಿನಡಿ ಹೇಳಿದ್ದು
(ಕತ್ತಲಲ್ಲಿ ನಮಗೆ ಮಾತಿಲ್ಲ),
ಎಲ್ಲಕ್ಕೂ ಕಿಟಕಿಯ ಪರದೆ ಎಳೆದರೆ ಸಾಕಿತ್ತು.
ಈಗ ಪರದೆಗೇ ಕಣ್ಣು.

"ಸ್ಟಿಕ್ಕರ್ ಅಂಟಿಸಿ, ಅಷ್ಟೇ," ಎಂದ ಹುಡುಗ.
ಅಪ್ಪ ಕೈ ಹೊರತೆಗೆದ:
ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನ ಮುಂದೆ ಸ್ನಾನ ಮಾಡುತ್ತೀಯಾ?
ಬಟ್ಟೆ ಕಟ್ಟಿದ್ದಾನೆ ನಿಜ. ಎದ್ದು ಹೋಗಿಲ್ಲ.
ಆಮೇಲೆ ಹಣೆಗೆ ಮುಷ್ಟಿ ತಟ್ಟಿದ, ನಮ್ಮನೆಯ ಹಳೇ ಸನ್ನೆ.
"ಪೆದ್ದು ಟಿವಿ ಇದೆಯಾ ಅಂತ ಕೇಳ್ತಿದ್ದಾರೆ," ಎಂದೆ.

ಹುಡುಗ ತಡೆದ.
ನನ್ನನ್ನು ಬಿಟ್ಟು, ಮೊದಲ ಸಲ, ಅಪ್ಪನತ್ತ ತಿರುಗಿ
ತುಟಿ ನಿಧಾನವಾಗಿ ಬಿಡಿಸಿ ಹೇಳಿದ:
ಪೆದ್ದನ್ನು. ಈಗ. ಯಾರೂ. ಮಾಡುವುದಿಲ್ಲ.
ರಸೀತಿಯ ಬೆನ್ನಿಗೆ ಒಂದು ವಿಳಾಸ ಗೀಚಿದ. ಹಳೆಯ ಫೆರಿ ನಿಲ್ದಾಣ,
ಸಾಮಾನು ಹರಾಜಿಗಿದೆ.

ಹಾಗೆ ಬಂತು ಇದು. ಟ್ಯಾಕ್ಸಿಯವನು ಹತ್ತಿಸಿಕೊಳ್ಳಲಿಲ್ಲ,
ಮೂರು ಮಹಡಿ ಹೊತ್ತೆವು.
ಹಡಗಿನ ಹೊತ್ತು ತೋರಿಸಿ ತೋರಿಸಿ ಸವೆದ ಫಲಕ.
ಕಿವಿಯಿಲ್ಲ, ಕಣ್ಣಿಲ್ಲ, ಸದ್ದೂ ಇಲ್ಲ, ಅದು ನಮಗೆ ಬೇಕೂ ಇಲ್ಲ.
ವೈರಿನಲ್ಲಿ ಬಂದದ್ದನ್ನು ತೋರಿಸುತ್ತದೆ,
ನಾವು ಏನು ನೋಡಿದೆವೆಂದು ಯಾರಿಗೂ ಹೇಳುವುದಿಲ್ಲ.

ನೆನಪು ಮಾತ್ರ ಒಂದಿದೆ ಅದಕ್ಕೆ, ಅಳಿಸಿ ಹೋಗದ್ದು.
ಸಿನಿಮಾದಲ್ಲಿ ಇರುಳಾದಾಗ, ಕಾಡು ಬಂದಾಗ,
ಕಪ್ಪಿನ ಆಳದಿಂದ ಮಸುಕು ಅಕ್ಷರ ಏಳುತ್ತವೆ:
ಕಾರ್ಲ್ಸ್‌ಕ್ರೋನಾ, ೨೧:೦೦, ಹತ್ತಬಹುದು.

ಪ್ರತಿ ಸಲವೂ ಅಮ್ಮ ಅಪ್ಪನ ಮೊಣಕಾಲು ತಟ್ಟಿ
ಗಡಿಯಾರ ತೋರಿಸುತ್ತಾಳೆ:
ಏಳು, ಕೋಟು ಹಾಕಿಕೋ,
ಇವತ್ತೂ ಹಡಗು ತಪ್ಪುತ್ತೆ.