ಬ, ರ, ತ

ರೂವಿಯ ಬಸ್ ನಿಲ್ದಾಣದ ಹಿಂದೆ,
ದರ್ಜಿಗೂ ಹಣ ಕಳಿಸುವ ಅಂಗಡಿಗೂ ನಡುವೆ
ನನ್ನ ಟೈಪಿಂಗ್ ಸೆಂಟರು.
ಹನ್ನೊಂದು ವರ್ಷ ಕಂಡವರ ಹೆಸರು ಕುಟ್ಟಿದ್ದೇನೆ:
ತಂದೆ, ತಂದೆಯ ತಂದೆ, ಮನೆತನ.
ಅಜ್ಜನ ಹೆಸರು ಮರೆತವರು
ಕೌಂಟರಿನಿಂದಲೇ ಊರಿಗೆ ಫೋನು ಹಚ್ಚುತ್ತಾರೆ.
ನನ್ನ ಅರ್ಜಿಯ ಸರದಿ ಬಂದಾಗ
ಅಜ್ಜನ ಹತ್ತಿರ ನಿಲ್ಲಲಾಗಲಿಲ್ಲ.

ತಪ್ಪು ಸೆವೆರಿನ್ ಬಾಯಿಯದು.
ಮನೆಯಲ್ಲಿ ಒಂದು ಕೂಸಿಗೆ ಬೆಕ್ಕಿನ ಕಣ್ಣು ಬಂದರೆ ಸಾಕು,
'ನಾವು ಫ್ರೆಂಚರ ಪೈಕಿ' ಎನ್ನುತ್ತಿದ್ದಳು
ಬಂಗುಡೆಯ ಹೊಟ್ಟೆ ಸೀಳುತ್ತಲೇ.
ಸಾಕ್ಷಿ ಕೇಳಿದರೆ ಕತ್ತಿ ತೋರಿಸುತ್ತಿದ್ದಳು.

ಗುರುವಾರ ರಾತ್ರಿ ಶಟರ್ ಅರ್ಧ ಇಳಿಸಿ
ಲೋರಿಯಾಂ ಬಂದರಿನ ಹಳೆಯ ಪುಟಗಳನ್ನು ತೆರೆಯುತ್ತೇನೆ,
ಯಾರೋ ಪುಣ್ಯಾತ್ಮರು ಫೋಟೊ ಹಿಡಿದಿಟ್ಟದ್ದು.
ಇಂಗಿನ ಬಣ್ಣದ ಶಾಯಿ.
ಗೆದ್ದಲಲ್ಲ, ಬೇರೆ ಯಾವುದೋ ಹುಳು,
ತಂಪು ದೇಶದ್ದು, ನಯವಾಗಿ ತಿಂದಿದೆ.
ಫ್ರೆಂಚು ಬಾರದು ನನಗೆ. ಆದರೆ
ಹುಟ್ಟಿದ, ಮದುವೆಯಾದ, ಮಣ್ಣಾದ,
ಇಷ್ಟು ಕಲಿತರೆ ಒಂದು ಊರನ್ನೇ ಓದಿಬಿಡಬಹುದು.
ಏಸಿಯ ನೀರು ಬಕೆಟಿಗೆ ತೊಟ್ಟಿಕ್ಕುತ್ತದೆ,
ಪುಟಕ್ಕೆ ಸುಮಾರು ನೂರು ಹನಿ.

ಏಳನೇ ಗುರುವಾರ ಸಿಕ್ಕ:
ಎತಿಯೆನ್ ಬೆರ್ತೊ, ಹತ್ತೊಂಬತ್ತು ವಯಸ್ಸು,
ಹಡಗಿನ ಸಂದು ತುಂಬುವವನು. ಮಾಹೆಗೆ ಹೊರಟವನು.
ಸಹಿ ಬಾರದು ಎಂದು ಬರೆದಿದ್ದಾರೆ; ಕೆಳಗೆ ಅವನು
ತನ್ನ ಕೊಡತಿಯ ಚಿತ್ರ ಗೀಚಿದ್ದಾನೆ.
ಹಿಡಿ ಸ್ವಲ್ಪ ಸೊಟ್ಟ.
ಹೆಬ್ಬೆಟ್ಟಿನವರ ಮುಂದೆ ಇಂಕ್ ಪ್ಯಾಡನ್ನು
ಇಷ್ಟು ದಿನ ದೂಕುತ್ತಿದ್ದೆ. ಈಗ ಎತ್ತಿ ಕೊಡುತ್ತೇನೆ.

ಸೂರ್ ಬಂದರಿನ ಮುದುಕ ಖಲ್ಫಾನ್
ಯಾವುದೋ ಕಾಗದಕ್ಕೆ ಬಂದಿದ್ದಾಗ ಕೇಳಿದೆ,
ಸಂದು ತುಂಬುವುದು ಹೇಗೆ?
ಹತ್ತಿಯ ಎಳೆ ಎಣ್ಣೆಯಲ್ಲಿ ಅದ್ದಿ
ಹಲಗೆ ಹಲಗೆ ಕೂಡುವಲ್ಲಿ ಇಟ್ಟು ಬಡಿ, ಎಂದ.
'ತುಂಬಿತೋ ಇಲ್ಲವೋ ಕಿವಿಗೆ ಗೊತ್ತಾಗುತ್ತದೆ.
ಕಿವಿ ತಪ್ಪಿದರೆ ನೀರು ಹೇಳುತ್ತದೆ.'

ಮಾಹೆಯ ಜ್ಞಾನಸ್ನಾನದ ಪುಸ್ತಕದಿಂದ
ಒಂದು ಹಾಳೆಯ ನಕಲು ತರಿಸಿದೆ.
'ಮರಿ, ಬೆರ್ತೊನ ಸಹಜ ಮಗಳು.'
ಮದುವೆಯಿಲ್ಲದೆ ಹುಟ್ಟಿದವರನ್ನು ಹಾಗೆ ಬರೆಯುವರಂತೆ;
ಮಿಕ್ಕವರೆಲ್ಲ ಅಸಹಜರೋ ಏನೋ.
ತಾಯಿ: ಈ ನಾಡಿನವಳು.
ಆಮೇಲೆ ಒಂದು ಗೆರೆ. ಗೆರೆಯ ಮೇಲೆ ಏನೂ ಇಲ್ಲ.
ಪಾದ್ರಿ ಕೇಳಿರಲಿಕ್ಕಿಲ್ಲ.
ಅವಳು ಹೇಳಿರಲೂಬಹುದು.

ಆ ಜಾಗವನ್ನು ದೊಡ್ಡದು ಮಾಡುತ್ತ ಹೋದೆ.
ಕಾಗದದ ನಾರು ಕಂಡಿತು, ಬರಿಯ ನಾರು.
ನನಗೆ ಬಂದದ್ದೆಲ್ಲ ಅಲ್ಲಿಂದಲೇ,
ಗಂಜಿ, ಬೈಗುಳ, ಜ್ವರದಲ್ಲಿ ನಾಲಗೆಗೆ ಬರುವ ಮಾತು.
ಕೊಡತಿಯವನು ಕೊಟ್ಟದ್ದು ಬೆಕ್ಕಿನ ಕಣ್ಣು,
ಅದೂ ಎಲ್ಲರಿಗಲ್ಲ. ನನ್ನದು ಕಪ್ಪು.

ಹೆಸರು ಮಾತ್ರ ಕುಂಟುತ್ತ ಬಂತು.
ಮಂಗಳೂರಿನ ಯಾರೋ ಗುಮಾಸ್ತ, ಊಟದ ಹೊತ್ತಿರಬೇಕು,
ಬ ಬದಲು ಪ ಬರೆದ. ಅಂದಿನಿಂದ ಪೆರ್ತು.
ಶಾಲೆಯಲ್ಲಿ, ಸೇನಾಭರ್ತಿಯಲ್ಲಿ, ಗೋರಿಗಲ್ಲಿನಲ್ಲಿ ಪೆರ್ತು.

ಮೊನ್ನೆ ಗುರುತಿನ ಕಾರ್ಡು ಹೊಸದಾಗಬೇಕಿತ್ತು.
ಕಿಟಕಿಯಾಚೆ ಮಯ್ಸೂನ್ ಎಂಬ ಹುಡುಗಿ.
ಅರಬ್ಬಿಯಲ್ಲಿ ಪ ಇಲ್ಲ. ಅವಳು ಯೋಚಿಸಲೂ ಇಲ್ಲ,
ಬಲದಿಂದ ಎಡಕ್ಕೆ ಬ, ರ, ತ,
ಬಾಲಕ್ಕೊಂದು ವಾವ್, ಒ ಅನ್ನಿ, ಉ ಅನ್ನಿ.
ಇನ್ನೂರು ವರ್ಷದ ತಪ್ಪು ತಿದ್ದಿ
'ಮುಂದಿನವರು' ಎಂದಳು.

ಮೆಟ್ಟಿಲಲ್ಲಿ ನಿಂತು ಓದಿಕೊಂಡೆ: ಬೆರ್ತೊ.
ನಡುವಿನ ಸ್ವರ ನಾವೇ ತುಂಬಿಕೊಳ್ಳಬೇಕು.
ಇನ್ನೊಮ್ಮೆ ಓದಿದೆ: ಬೆರೆತು.
ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು,
ಬೇರೆ ಕಾರಣವೇನಿಲ್ಲ.

ರಾತ್ರಿ ಸೆವೆರಿನ್ ಬಾಯಿಗೆ ಎಲ್ಲ ಹೇಳಿದೆ.
'ನಾನು ಹೇಳಲಿಲ್ಲವಾ' ಎಂದು ಮೂರು ಸಲ ಅಂದಳು.
ಆಮೇಲೆ ಸುಮ್ಮನಿದ್ದು,
'ಅವಳು ಬಂಗುಡೆಗೆ ಹುಳಿ ಏನು ಹಾಕುತ್ತಿದ್ದಳಂತೆ?'
ಪುಸ್ತಕದಲ್ಲಿ ಅದಿಲ್ಲ, ಎಂದೆ.
'ಹಾಗಾದರೆ ಅದೆಂಥ ಪುಸ್ತಕ ಮಾರಾಯ' ಎಂದಳು.